ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸಿದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ತಾಂತ್ರಿಕ ಶಿಕ್ಷಣ ಮತ್ತು ಗ್ರಾಮೀಣ ಯುವಕರು’. ವಿಷಯ ದೊಡ್ಡದು, ಸಮಯ ಹದಿನೈದು ನಿಮಿಷ, ಅಲ್ಲಿ ನೋಡಿದರೆ ಊಟಕ್ಕೆ ಎಲೆ ಹಾಕುತ್ತಿದ್ದಾರೆ. ಅದಕ್ಕೇ ಒಂದೇ ಒಂದು ಕೆಲಸದ ಕಥೆ ಹೇಳುತ್ತೇನೆ. 1992ರಲ್ಲಿ ನಾವು ಮೂರು ಜನ ಒಂದು ಪೆಟ್ರೋಲ್ ಅಂಬಾಸಿಡರ್ ಕಾರಿನ ಎಂಜಿನ್ ಇಳಿಸಿ, ಅದರ ಜಾಗಕ್ಕೆ ಡೀಸೆಲ್ ಎಂಜಿನ್ ಕೂರಿಸಿದೆವು. ಮೂವರೂ ಈ ಶಾಲೆಯಲ್ಲಿ ಓದಿದವರು. ಮೂವರಲ್ಲಿ ಒಬ್ಬನೂ ಗ್ಯಾರೇಜಿನಲ್ಲಿ ಕೆಲಸ ಕಲಿತವನಲ್ಲ.

ಕಾರು ನನ್ನ ದೊಡ್ಡಪ್ಪನ ಮಗನದು. ಅಣ್ಣ ಅಂತಲೇ ಹೇಳುತ್ತೇನೆ. 1977ರ ಮಾಡೆಲ್, ಮಾರ್ಕ್ 3, ಎರಡು ಕೈ ದಾಟಿ ಬಂದದ್ದು. ಸುತ್ತ ನಾಲ್ಕೂರಿನ ಮದುವೆ, ರಾತ್ರಿ ಹೊತ್ತು ಮಂಡ್ಯದ ಆಸ್ಪತ್ರೆಗೆ ಹೆರಿಗೆ ಕೇಸು, ಮೇಲುಕೋಟೆಗೆ ಹರಕೆ, ಎಲ್ಲಕ್ಕೂ ಅದೇ ಕಾರು. ಅವನ ಮನೆಯ ಅನ್ನ ಅದರ ಮೇಲೆ ನಡೆಯುತ್ತಿತ್ತು. 1990ರಲ್ಲಿ ಕೊಲ್ಲಿ ಬಿಕ್ಕಟ್ಟು ಬಂದು ಪೆಟ್ರೋಲ್ ಬೆಲೆ ಏರಿತು. ಡೀಸೆಲ್ ಅದರ ಅರ್ಧದ ಆಸುಪಾಸಿನಲ್ಲಿತ್ತು. ಜೊತೆಗೆ ಎಂಜಿನ್ ಸವೆದು ನೀಲಿ ಹೊಗೆ, ಲೀಟರಿಗೆ ಎಂಟು ಕಿಲೋಮೀಟರ್ ಬಂದರೆ ಹೆಚ್ಚು. ಬಾಡಿಗೆ ದುಡ್ಡು ಬಂಕಿನಲ್ಲೇ ಮುಗಿಯುತ್ತಿತ್ತು. ಬೋರ್ ಮಾಡಿಸಿದರೆ ಹೊಗೆ ನಿಲ್ಲುತ್ತೆ, ಪೆಟ್ರೋಲ್ ಖರ್ಚು ನಿಲ್ಲಲ್ಲ. ಕಾರು ಮಾರುವುದೋ, ಡೀಸೆಲ್ ಮಾಡುವುದೋ, ಎರಡೇ ದಾರಿ. ಮಂಡ್ಯದಲ್ಲಿ ವಿಚಾರಿಸಿದಾಗ ಎಂಜಿನ್ ಬೆಲೆ ಬಿಟ್ಟು ಬರೀ ಕೂಲಿಗೆ ಹೇಳಿದ ಮೊತ್ತ ಕೇಳಿ ಅಣ್ಣ ಮಾತಾಡದೆ ವಾಪಸು ಬಂದ.

ಎರಡನೆಯವನು ನಾನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ತಂತಿ ಗೊತ್ತು, ಎಂಜಿನ್ ಗೊತ್ತಿಲ್ಲ.

ಮೂರನೆಯವನು ನನ್ನ ತರಗತಿಯವನು. ಅವನ ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ಎದ್ದು ಮನೆಗೆ ಹೋಗ್ತೀನಿ ಅಂತ ಬೆಳಿಗ್ಗೆಯೇ ಹೇಳಿದ್ದಾನೆ, ಈಗ ಹಿಂದೆ ಶಾಮಿಯಾನದ ಗೂಟಕ್ಕೆ ಒರಗಿ ನಿಂತಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನಪಾಸಾಯಿತು, ಎರಡನೇ ಸಲವೂ ಆಯಿತು, ಮೂರನೇ ಸಲ ಕಟ್ಟಲಿಲ್ಲ. ಅಪ್ಪನ ಆಲೆಮನೆಗೆ ಹೋದ. ಕರೆಂಟ್ ಹೋದಾಗ ಗಾಣ ತಿರುಗಿಸಲು ಅಲ್ಲೊಂದು ಹಳೆಯ ಪೀಟರ್ ಎಂಜಿನ್ ಇತ್ತು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುವಾಗ ಎಂಜಿನ್ ನಿಂತರೆ ಅವತ್ತಿನ ಬೆಲ್ಲ ಹೋಯಿತು ಅಂತಲೇ ಲೆಕ್ಕ. ಆ ಭಯದಲ್ಲಿ ಕಲಿತ ವಿದ್ಯೆ ಅವನದು. ಎಂಜಿನ್ ಪಕ್ಕ ಮಲಗಿ ನಿದ್ದೆಯಲ್ಲೇ ಸದ್ದು ಬದಲಾದದ್ದನ್ನು ತಿಳಿದು ಏಳುತ್ತಿದ್ದ.

ಅಂಬಾಸಿಡರ್ ಬಗ್ಗೆ ಮಕ್ಕಳಿಗೆ ಎರಡು ಮಾತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ರೂಪ ಅದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು, 2014ರಲ್ಲಿ ನಿಂತುಹೋಯಿತು. ಅದರ ಪೆಟ್ರೋಲ್ ಎಂಜಿನ್ 1489 ಸಿಸಿ. ಆಮೇಲೆ ಬಂದ ಡೀಸೆಲ್ ಎಂಜಿನ್ ಕೂಡ 1489 ಸಿಸಿ. ಎರಡೂ ಒಂದೇ ತಾಯಿಯ ಮಕ್ಕಳು. ಆದರೆ ಗುಣ ಬೇರೆ. ಪೆಟ್ರೋಲಿನಲ್ಲಿ ಗಾಳಿ ಒತ್ತುವುದು ಏಳೆಂಟು ಪಟ್ಟು, ಡೀಸೆಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಆ ಒತ್ತಡದ ಕಾವಿನಲ್ಲೇ ಎಣ್ಣೆ ಹತ್ತಿಕೊಳ್ಳಬೇಕು, ಕಿಡಿ ಇಲ್ಲ. ಅದಕ್ಕೆ ಡೀಸೆಲ್ ಎಂಜಿನ್ ದಪ್ಪ, ಭಾರ. ಶಕ್ತಿ ಮಾತ್ರ ಕಡಿಮೆ, 37 ಅಶ್ವಶಕ್ತಿ. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದರೆ ನನ್ನ ಗೆಳೆಯ ನೋಡಲೂ ಇಲ್ಲ. “ಪೆಟ್ರೋಲು ಕುದ್ರೆ, ಡೀಸಲ್ಲು ಎತ್ತು ಕಣ್ಲಾ. ನಿಮ್ಮಣ್ಣಂಗೆ ಎತ್ತು ಸಾಕು” ಅಂದ.

ಎಂಜಿನ್ ಇಳಿಸುವ ಮೊದಲೇ ಅಣ್ಣ ಆರ್‌ಟಿಓ ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿ ಪುಸ್ತಕದಲ್ಲಿ ಬರೆದಿರುವುದಕ್ಕೆ ಹೊಂದದಂಥ ಬದಲಾವಣೆಗೆ ಆಗ ಮೊದಲು ಒಪ್ಪಿಗೆ ಬೇಕಿತ್ತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಊರಲ್ಲಿ ಆಗ ಎಷ್ಟೋ ಗಾಡಿ ಪುಸ್ತಕದಲ್ಲಿ ಪೆಟ್ರೋಲು, ಹೊಟ್ಟೆಯಲ್ಲಿ ಡೀಸೆಲ್ಲು ಇಟ್ಟುಕೊಂಡು ಓಡಾಡುತ್ತಿದ್ದವು. ಅಪಘಾತವಾಗಿ ವಿಮೆ ಕೇಳಲು ಹೋದಾಗ ಮಾಲೀಕರಿಗೆ ಗೊತ್ತಾಗುತ್ತಿತ್ತು.

ಕಾವೇರಿ ಗಲಾಟೆ ತಣ್ಣಗಾಗಿ ಬೆಂಗಳೂರು ರಸ್ತೆ ಮೊದಲಿನಂತಾದ ಮೇಲೆ, ಜನವರಿಯಲ್ಲಿ ಮೂವರೂ ಶಿವಾಜಿನಗರದ ಗುಜರಿಗೆ ಹೋದೆವು. ಅಲ್ಲಿ ಅಪಘಾತದಲ್ಲಿ ಹಿಂಭಾಗ ನುಜ್ಜುಗುಜ್ಜಾದ ಒಂದು ಡೀಸೆಲ್ ಅಂಬಾಸಿಡರ್ ಇತ್ತು. ನನ್ನ ಗೆಳೆಯ ಅಂಗಡಿಯವನ ಮಾತು ಕೇಳಲೇ ಇಲ್ಲ. ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿದ. ನಾಲ್ಕು ಸಿಲಿಂಡರ್, ನಾಲ್ಕು ಸಲ ತಡೆ ಸಿಗಬೇಕು, ನಾಲ್ಕೂ ಒಂದೇ ಸಮ ಇರಬೇಕು. ಸಿಕ್ಕಿತು. ಮೇಲಿನ ಮುಚ್ಚಳ ಬಿಚ್ಚಿಸಿ, ಆಯಿಲನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ಆಮೇಲೆ ಹೇಳಿದ: ಬರೀ ಎಂಜಿನ್ ಬೇಡ, ಗೇರ್ ಬಾಕ್ಸ್, ಸ್ಟಾರ್ಟರ್, ಡೀಸೆಲ್ ಫಿಲ್ಟರ್, ಪೈಪು, ಅದರ ಬೋಲ್ಟು ನಟ್ಟು ಎಲ್ಲ ಸೇರಿಸಿ ಕೊಡು. ಅಂಗಡಿಯವನು ನಟ್ಟಿಗೂ ಚೌಕಾಸಿ ಮಾಡುವವನನ್ನು ನೋಡಿ ನಕ್ಕ. ಎಂಜಿನ್ ನಂಬರ್ ಬರೆಸಿ ರಸೀದಿ ಪಡೆದೆವು. ಮಂಡ್ಯದಿಂದ ಬೆಲ್ಲ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಎಂಜಿನ್ ಊರು ಸೇರಿತು.

ಕೆಲಸ ನಡೆದದ್ದು ಅಣ್ಣನ ಮನೆ ಹಿತ್ತಿಲಲ್ಲಿ. ಬಾವಿಯಿಂದ ಪಂಪು ಎತ್ತಲು ಇಟ್ಟುಕೊಂಡಿದ್ದ ಮೂರು ಕಾಲಿನ ಕಂಬ, ಬಾಡಿಗೆಗೆ ತಂದ ಒಂದು ಚೈನ್ ಬ್ಲಾಕು. ಬಾನೆಟ್ ಬಿಚ್ಚಿ, ರೇಡಿಯೇಟರ್ ಇಳಿಸಿ, ಸ್ಟಿಯರಿಂಗ್ ಗೇರಿನ ಸರಳು ಕಳಚಿದೆವು. ಎಲ್ಲಿಂದ ಬಿಚ್ಚಿದ ನಟ್ಟು ಎಲ್ಲಿಯದು ಅಂತ ಗೊತ್ತಾಗಲು ಸಾಲಾಗಿ ತೆಂಗಿನ ಚಿಪ್ಪು ಜೋಡಿಸಿ, ಒಂದೊಂದರ ಮುಂದೆ ಸೀಮೆಸುಣ್ಣದಲ್ಲಿ ನಂಬರು ಬರೆದೆವು. ನಾನು ಗ್ರಾಫ್ ಹಾಳೆಯಲ್ಲಿ ಪ್ರತಿ ತಂತಿಯ ದಾರಿ ಬರೆದುಕೊಂಡೆ. ಊರ ಹುಡುಗರೆಲ್ಲ ಬೇಲಿ ಮೇಲೆ. ದೊಡ್ಡಮ್ಮ ಮಾತ್ರ ಹೊರಗೆ ಬರಲಿಲ್ಲ. ಎಂಜಿನ್ ಇಲ್ಲದ ಕಾರನ್ನು ನೋಡಲು ಅವರಿಗೆ ಕರುಳು ಒಪ್ಪಲಿಲ್ಲವಂತೆ.

ಜನ ಭಾರ ಎತ್ತುವುದನ್ನೇ ದೊಡ್ಡ ಕೆಲಸ ಅಂದುಕೊಳ್ಳುತ್ತಾರೆ. ಹಳೆಯದನ್ನು ಇಳಿಸಿದ್ದು ಒಂದು ದಿನ, ಹೊಸದನ್ನು ಕೂರಿಸಿದ್ದು ಒಂದೂವರೆ ದಿನ. ಉಳಿದ ಸಣ್ಣಪುಟ್ಟ ಕೆಲಸಕ್ಕೆ ಹಿಡಿದದ್ದು ಐದು ವಾರ. ಹೊಗೆ ಕೊಳವೆಯ ಬಾಯಿ ಹೊಂದಲಿಲ್ಲ, ಕತ್ತರಿಸಿ ಬೆಸುಗೆ ಹಾಕಿಸಿದೆವು. ಪೆಟ್ರೋಲ್ ಟ್ಯಾಂಕ್ ಇಳಿಸಿ, ನೀರು ತುಂಬಿ ತುಂಬಿ ಚೆಲ್ಲಿ, ಮೂರು ದಿನ ಗಾಳಿಗೆ ಬೋರಲು ಹಾಕಿದೆವು. ಪೆಟ್ರೋಲಿಗೆ ಹೋಗುವ ಪೈಪು ಒಂದು ಸಾಕು. ಡೀಸೆಲ್‌ಗೆ ಇಂಜೆಕ್ಟರಿನಿಂದ ಹೆಚ್ಚಾದ ಎಣ್ಣೆ ಟ್ಯಾಂಕಿಗೆ ವಾಪಸು ಬರಲು ಇನ್ನೊಂದು ಬೇಕು. ಆ ಡೀಸೆಲ್ ಎಂಜಿನ್ ಕೀ ತಿರುಗಿಸಿದರೆ ನಿಲ್ಲುತ್ತಿರಲಿಲ್ಲ, ಎಣ್ಣೆ ಕಟ್ಟು ಮಾಡಬೇಕಿತ್ತು. ಅದಕ್ಕೆ ಸೈಕಲ್ ಬ್ರೇಕಿನ ವೈರು ಎಳೆದು ಡ್ಯಾಶ್‌ಬೋರ್ಡಿನಲ್ಲಿ ಗುಬುಟು ಕೂರಿಸಿದೆವು. ಮುಂದೆ ಎಷ್ಟೋ ದಿನ ಅಣ್ಣ ಅಭ್ಯಾಸಬಲದಿಂದ ಕೀ ಕಿತ್ತುಕೊಂಡು ಇಳಿದು ಹೋಗುತ್ತಿದ್ದ, ಕಾರು ಅಲ್ಲೇ ಗುಡುಗುಡು ಅನ್ನುತ್ತಾ ನಿಂತಿರುತ್ತಿತ್ತು. “ಬೀಗ ಕಿತ್ರೂ ಉಸ್ರಾಡ್ತಾ ಅದಲ್ಲೋ” ಅಂತ ಒಬ್ಬ ಅಜ್ಜಿ ಹೆದರಿ ದೂರ ಸರಿದಿದ್ದರು.

ನನ್ನ ಪಾಲಿಗೆ ಬಂದದ್ದು ಹೀಟರ್ ಪ್ಲಗ್. ತಣ್ಣಗಿರುವ ಡೀಸೆಲ್ ಎಂಜಿನ್ ಹತ್ತಿಕೊಳ್ಳಲು ನಾಲ್ಕು ಸಿಲಿಂಡರಿಗೂ ಒಂದೊಂದು ಪ್ಲಗ್ ಕೆಂಪಗೆ ಕಾಯಬೇಕು. ನಾಲ್ಕೂ ಒಟ್ಟಿಗೆ ಇಪ್ಪತ್ತು ಆಂಪಿಯರ್‌ಗೂ ಮೇಲೆ ಎಳೆಯುತ್ತವೆ. ಹೆಡ್‌ಲೈಟಿನ ತಂತಿಗೆ ಸಿಕ್ಕಿಸಿದರೆ ತಂತಿಯೇ ಬೆಂಕಿ. ಓಮನ ನಿಯಮ ನನಗೆ ತಲೆಗೆ ಹತ್ತಿದ್ದು ಐಟಿಐನಲ್ಲಿ ಅಲ್ಲ, ಇಲ್ಲಿ, ಒಂಬತ್ತನೇ ತರಗತಿಯಲ್ಲಿ, ಟಾರ್ಚಿನ ಬಲ್ಬು ಮತ್ತು ಮೂರು ಸೆಲ್ಲು ಇಟ್ಟುಕೊಂಡು ನಮ್ಮ ವಿಜ್ಞಾನದ ಮೇಷ್ಟ್ರು ಮಾಡಿ ತೋರಿಸಿದಾಗ. ಲೆಕ್ಕ ಹಾಕಿ ದಪ್ಪ ಕೇಬಲ್, ಬೇರೆ ಸ್ವಿಚ್ ಹಾಕಿದೆ. ದೊಡ್ಡ ಬ್ಯಾಟರಿಯನ್ನೂ ಕೊಂಡೆವು.

ಮೇಲುಕೋಟೆ ವೈರಮುಡಿಗೆ ನಾಲ್ಕು ದಿನ ಇತ್ತು. ವೈರಮುಡಿ ಅಂದರೆ ಅಣ್ಣನಿಗೆ ಎರಡು ತಿಂಗಳ ದುಡಿಮೆ ಎರಡು ದಿನದಲ್ಲಿ. ಮುಂಗಡ ಹಿಡಿದಾಗಿತ್ತು. ಸಂಜೆ ಸ್ಟಾರ್ಟರ್ ಒತ್ತಿದೆವು. ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಹತ್ತಿದರೂ ಎರಡು ನಿಮಿಷಕ್ಕೆ ಸೊರಗಿ ನಿಲ್ಲುತ್ತದೆ. ಪೈಪಿನ ಗಾಳಿ ತೆಗೆದೆವು, ಮತ್ತೆ ತೆಗೆದೆವು. ಮಾರನೆಯ ದಿನವೂ ಅದೇ. ಬ್ಯಾಟರಿ ಇಳಿಯಿತು. ಬೇಲಿ ಮೇಲಿದ್ದವರಲ್ಲಿ ತಿಳಿದವರು ಹೆಚ್ಚಾದರು: ಪಂಪು ಹೋಗಿದೆ ಅಂದವರೊಬ್ಬರು, ಗುಜರಿಯವನು ಟೋಪಿ ಹಾಕಿದ ಅಂದವರೊಬ್ಬರು. ಪಂಪು ಬಿಚ್ಚಿಸಿ ಮಂಡ್ಯಕ್ಕೆ ಕಳಿಸುವುದು ಅಂದರೆ ವಾರ. ಅಣ್ಣ ಮುಂಗಡ ವಾಪಸು ಕೊಡಲು ಅಂಗಿ ಹಾಕಿಕೊಂಡ.

ಆಗ ನನ್ನ ಗೆಳೆಯ, “ತಡಿ ಅಣ್ಣೋ, ಪಂಪಿನ ಮೇಲೆ ಕೈಯಿಕ್ಕೋ ಮುಂಚೆ ಒಂದು ನೋಡವಾ” ಅಂದ. ಆ ಮೂರು ಕಾಲಿನ ಕಂಬಕ್ಕೆ ಐದು ಲೀಟರಿನ ಒಂದು ಕ್ಯಾನು ನೇತುಹಾಕಿದ. ಅದರಲ್ಲಿ ಡೀಸೆಲ್ ತುಂಬಿ, ಟ್ಯಾಂಕಿನಿಂದ ಬರುವ ಪೈಪು ಕಳಚಿ, ಕ್ಯಾನಿನಿಂದ ನೇರ ಫಿಲ್ಟರಿಗೆ ಕೊಟ್ಟ. ಗಾಳಿ ತೆಗೆದು ಸ್ಟಾರ್ಟ್ ಒತ್ತಿದರೆ ಹತ್ತಿಕೊಂಡಿತು. ಕಾಲು ಗಂಟೆ ಆದರೂ ನಿಲ್ಲಲಿಲ್ಲ. ಅಂದರೆ ಎಂಜಿನ್ ಸರಿ, ಪಂಪು ಸರಿ, ಫಿಲ್ಟರ್ ಸರಿ. ದೋಷ ಇರುವುದು ಹಿಂದೆ. ಆಮೇಲೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಪಾರದರ್ಶಕ ಪೈಪಿನ ತುಂಡೊಂದನ್ನು ನಡುವೆ ಸಿಕ್ಕಿಸಿದ. ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ಆ ತುಂಡನ್ನು ಒಂದೊಂದೇ ಜೋಡಣೆ ಹಿಂದೆ ಸರಿಸುತ್ತಾ ಹೋದ. ಟ್ಯಾಂಕಿನ ಒಳಗೆ ಇಳಿಯುವ ಹಳೆಯ ಕೊಳವೆಯಲ್ಲಿ, ಎಣ್ಣೆಯ ಮಟ್ಟಕ್ಕಿಂತ ಮೇಲೆ, ತುಕ್ಕು ತಿಂದ ಗುಂಡುಸೂಜಿ ಗಾತ್ರದ ತೂತು. ಪೆಟ್ರೋಲ್ ಇದ್ದಾಗ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಕಾರ್ಬೊರೇಟರಿನ ಬೋಗುಣಿಯಲ್ಲಿ ಗುಳ್ಳೆ ಒಡೆದು ಹೋಗುತ್ತಿತ್ತು. ಡೀಸೆಲ್ ಪಂಪು ಗಾಳಿಯನ್ನು ಸಹಿಸುವುದಿಲ್ಲ.

ನಾನು ಮುಂದೆ ಐಟಿಐನಲ್ಲಿ ಬೋಧಕನಾದೆ. ದೋಷ ಹುಡುಕುವ ಕ್ರಮ ಅಂತ ಒಂದು ಪಾಠವೇ ಇದೆ: ಇಡೀ ವ್ಯವಸ್ಥೆಯನ್ನು ಅರ್ಧ ಮಾಡಿ, ಸರಿಯಿರುವ ಅರ್ಧವನ್ನು ಬಿಟ್ಟು, ಉಳಿದದ್ದನ್ನು ಮತ್ತೆ ಅರ್ಧ ಮಾಡು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಪಾಠ ಮಾಡಿದ್ದೇನೆ, ಪ್ರತಿ ಸಲವೂ ಆ ಕ್ಯಾನಿನ ಕಥೆಯನ್ನೇ ಹೇಳಿದ್ದೇನೆ. ಅದನ್ನು ಮಾಡಿದವನ ಹತ್ತಿರ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲ. ಇವತ್ತಿನ ಆಹ್ವಾನ ಪತ್ರಿಕೆಯಲ್ಲಿ ಸಾಧಕರು ಅಂತ ಹನ್ನೊಂದು ಹೆಸರು ಅಚ್ಚಾಗಿವೆ, ನನ್ನದೂ ಸೇರಿ. ಪಾಸಾದವರ ಪಟ್ಟಿ ನೋಡಿ ಹೆಸರು ಆರಿಸಿದರೆ ಅವನು ಸಿಗುವುದಿಲ್ಲ. ಸಮಿತಿಯವರಿಗೆ ಇದನ್ನು ಮೊದಲೇ ಹೇಳಿದೆ, ವೇದಿಕೆಗೆ ಕರೆಯಲು ಅವರು ಒಪ್ಪಿದರು, ಅವನು ಒಪ್ಪಲಿಲ್ಲ.

ಕೊಳವೆ ಬದಲಾಯಿಸಿದೆವು. ಎಂಜಿನ್ ಭಾರಕ್ಕೆ ಕಾರಿನ ಮೂತಿ ತಗ್ಗಿತ್ತು. ಅಂಬಾಸಿಡರ್‌ಗೆ ಮುಂದೆ ಸ್ಪ್ರಿಂಗಿನ ಬದಲು ತಿರುಚುವ ಉದ್ದ ಸರಳು ಇರುತ್ತದೆ, ಅದನ್ನು ಸರಿಹೊಂದಿಸಿ ಎರಡೂ ಕಡೆ ನೆಲದಿಂದ ಎತ್ತರವನ್ನು ಮರದ ಸ್ಕೇಲಿನಲ್ಲಿ ಅಳೆದು ಸಮ ಮಾಡಿದೆವು. ವೈರಮುಡಿ ದಿನ ಏಳು ಜನರನ್ನು ತುಂಬಿಕೊಂಡು ಬೆಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲೇ ಹತ್ತಿತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ. ಆವತ್ತು ರಾತ್ರಿಯಿಂದ ಬೆಳಗಿನವರೆಗೆ ಅಣ್ಣ ನಾಲ್ಕು ಸಲ ಹೋಗಿ ಬಂದ. ಲೀಟರಿಗೆ ಹದಿಮೂರು ಕಿಲೋಮೀಟರ್ ಸಿಕ್ಕಿತು.

ಹದಿನಾಲ್ಕು ದಿನದೊಳಗೆ ಕಾರನ್ನು ತೋರಿಸಬೇಕಿತ್ತು. ಇನ್ಸ್‌ಪೆಕ್ಟರು ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿ ಅಚ್ಚು ತೆಗೆಸಿದರು, ರಸೀದಿಗೆ ಹೋಲಿಸಿದರು, ಬಾನೆಟ್ ಒಳಗೆ ಬಗ್ಗಿ ನೋಡಿ “ಯಾವ ಗ್ಯಾರೇಜು?” ಅಂದರು. ಅಣ್ಣ ಆಲೆಮನೆ ಅಂದ. ಪುಸ್ತಕದಲ್ಲಿ ಇಂಧನದ ಜಾಗದಲ್ಲಿ ಡೀಸೆಲ್ ಅಂತ ಬರೆದು ಸಹಿ ಹಾಕಿದರು.

ಕಾರು ಇನ್ನೂ ಹನ್ನೆರಡು ವರ್ಷ ಓಡಿತು. ಇಲ್ಲಿ ಕೂತಿರುವವರಲ್ಲಿ ಕೆಲವರು ಅದರಲ್ಲೇ ದಿಬ್ಬಣ ಹೋಗಿದ್ದೀರಿ, ಇಬ್ಬರಾದರೂ ಅದರಲ್ಲೇ ಹುಟ್ಟುವುದು ತಪ್ಪಿ ಆಸ್ಪತ್ರೆ ಬಾಗಿಲಲ್ಲಿ ಹುಟ್ಟಿದ್ದೀರಿ. ಆಗ ಇಳಿಸಿದ ಪೆಟ್ರೋಲ್ ಎಂಜಿನ್ ಈಗಲೂ ಅಣ್ಣನ ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗಿದೆ. ಮುಖ್ಯ ಶಿಕ್ಷಕರಲ್ಲಿ ಒಂದು ಅರಿಕೆ: ವಿಜ್ಞಾನದ ಕೊಠಡಿಗೆ ಬೇಕಾದರೆ ಕೊಡುತ್ತೇನೆ ಅಂತ ಅಣ್ಣ ಹೇಳಿದ್ದಾನೆ. ಸೀಳಿ, ಒಳಗಿನ ಪಿಸ್ಟನ್ನು ವಾಲ್ವು ಕಾಣುವ ಹಾಗೆ ಮಾಡಿಕೊಡುವ ಖರ್ಚು ನನ್ನದು. ಕೊಟ್ಟಿಗೆಯಿಂದ ಎತ್ತಿ ಇಲ್ಲಿ ಇಳಿಸಲು ಚೈನ್ ಬ್ಲಾಕು ಬೇಕು, ಅದನ್ನು ಕಟ್ಟುವವನು ಬೇಕು. ಅವನು ಹಿಂದೆ ನಿಂತಿದ್ದಾನೆ, ಊಟ ಆದ ಮೇಲೆ ನೀವೇ ಕೇಳಿ.