ಚಿನ್ನ ಅಗೆದವರು ಯಾರು, ಲೆಕ್ಕ ಬರೆದವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ದೇಶ ದೇಶಗಳ ನಡುವಿನ ವ್ಯವಹಾರ ಅಂದ ಕೂಡಲೇ ಅದು ದಿಲ್ಲಿಯ ದೊಡ್ಡವರ ವಿಷಯ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಇಲ್ಲದಿದ್ದರೆ ಜಗಳ ತೆಗೀತೀವಿ. ಅದು ಸರಿಯೇ. ಆದರೆ ಲಂಡನ್ನಿನಲ್ಲೋ ವಾಷಿಂಗ್ಟನ್ನಿನಲ್ಲೋ ನಾಲ್ಕು ಜನ ಕೂತು ಬರೆದ ಒಂದು ದರ ನಮ್ಮ ಕೇರಿಯ ಒಲೆ ತನಕ ಹೇಗೆ ಬರುತ್ತೆ ಅಂತ ಕೇಳಿಕೊಳ್ಳೋದಿಲ್ಲ. ಇವತ್ತು ಅದನ್ನು ಕೇಳೋಣ. ಇದಕ್ಕೆ ದೂರ ಹೋಗಬೇಕಾಗಿಲ್ಲ, ಕೋಲಾರದ ಚಿನ್ನದ ಗಣಿಗೆ ಹೋದರೆ ಸಾಕು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷರ ಕಂಪನಿ ಅಲ್ಲಿಗೆ ಬಂತು. ಷೇರುದಾರರು ಇದ್ದದ್ದು ಲಂಡನ್ನಿನಲ್ಲಿ. ನೆಲ ಮೈಸೂರು ಮಹಾರಾಜರದ್ದು, ಅವರಿಗೆ ರಾಯಲ್ಟಿ ಸಿಗುತ್ತಿತ್ತು. ನೆಲದ ಒಳಗೆ ಇಳಿದವರು ಯಾರು? ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಬಡವರು. ಅವರಲ್ಲಿ ಬಹುಪಾಲು ನಮ್ಮವರೇ, ಅಸ್ಪೃಶ್ಯರು. 1876ರಿಂದ 1878ರವರೆಗಿನ ಭೀಕರ ಬರ ಕಂಡ ಸೀಮೆಯವರು. ಊರಿನಲ್ಲಿದ್ದರೆ ಜಮೀನ್ದಾರನ ಜೀತ. ಗಣಿಯಲ್ಲಾದರೆ ಕೈಗೆ ಕಾಸು, ಕೂಗಿ ಕರೆಯೋ ಧಣಿ ಇಲ್ಲ. ಹಾಗಂತ ನಂಬಿ ಬಂದರು.

ಬಂದವರಿಗೆ ಸಿಕ್ಕಿದ್ದು ಲೈನ್ ಮನೆ, ಅಂದರೆ ಸಾಲಾಗಿ ಕಟ್ಟಿದ ತಟ್ಟಿ ಗುಡಿಸಲು. ಸಾಹೇಬರಿಗೆ ತೋಟದ ಬಂಗಲೆ, ಕ್ಲಬ್ಬು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತೆ. ಒತ್ತಡ ತಾಳದೆ ಬಂಡೆ ಸಿಡಿದು ಸತ್ತವರು ಅದೆಷ್ಟೋ ಮಂದಿ. ಕಲ್ಲಿನ ಧೂಳು ಕುಡಿದು ಎದೆ ಕಲ್ಲಾಗಿ, ಕೆಮ್ಮಿ ಕೆಮ್ಮಿ ಸತ್ತವರು ಇನ್ನೆಷ್ಟೋ. ಸುಮಾರು 120 ವರ್ಷದಲ್ಲಿ ಅಲ್ಲಿಂದ ಮೇಲೆ ಬಂದ ಚಿನ್ನ ಸುಮಾರು 800 ಟನ್. ಅಗೆದವನ ಹೆಂಡತಿಯ ಕಿವಿಯಲ್ಲಿ ಒಂದು ಗುಂಜಿಯಾದರೂ ಇತ್ತೇ ಅಂತ ಕೇಳಿ ನೋಡಿ.

ಅಧಿಕಾರ ಹೇಗೆ ಕೆಲಸ ಮಾಡುತ್ತೆ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಚಿನ್ನದ ಗಣಿಯ ಯಂತ್ರಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಎಷ್ಟೋ ಕೇರಿಗಳಿಗೆ ಬರಲು ಇನ್ನೂ ಎಷ್ಟು ದಶಕ ಹಿಡಿಯಿತು ಅಂತ ನಿಮ್ಮ ಅಜ್ಜಿಯರು ಹೇಳ್ತಾರೆ. ಕಾವೇರಿ ನಮ್ಮದು, ಕಟ್ಟಿದ ಕೂಲಿ ನಮ್ಮದು. ತಂತಿ ಯಾವ ಕಡೆಗೆ ಎಳೆಯಬೇಕು ಅನ್ನೋ ತೀರ್ಮಾನ ಮಾತ್ರ ನಮ್ಮದಲ್ಲ.

ಹಾಗಾದರೆ ನಮ್ಮವರು ಬಾಯಿಲ್ಲದ ಬಸವಣ್ಣಗಳಾಗಿದ್ದರೇ? ಇಲ್ಲ. 1930ರಲ್ಲಿ ಪ್ರತಿಯೊಬ್ಬ ಕೂಲಿಯೂ ಬೆರಳಚ್ಚು ಕೊಡಬೇಕು ಅಂತ ಕಂಪನಿ ಹೊರಟಿತು. ಒಂದು ಗಣಿಯಿಂದ ಹೊರಹಾಕಿದವನು ಇನ್ನೊಂದು ಗಣಿಯಲ್ಲಿ ಕೆಲಸಕ್ಕೆ ಸೇರಬಾರದು, ಇದು ಒಳಗಿನ ಹುನ್ನಾರ. ಕಳ್ಳರಿಂದ ಒತ್ತಿಸಿಕೊಂಡ ಹಾಗೆ ನಮ್ಮ ಕೈಲಿ ಒತ್ತಿಸ್ತೀರಾ ಅಂತ ಸಾವಿರಾರು ಜನ ಕೆಲಸ ಬಿಟ್ಟು ನಿಂತರು. ಆಗ ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮನ್ನಣೆಯೇ ಇರಲಿಲ್ಲ. ಆದರೂ ಮುಷ್ಕರ ವಾರಗಟ್ಟಲೆ ನಡೆಯಿತು, ಕಂಪನಿಯೇ ಬಗ್ಗಿತು. ಊರಿನಲ್ಲಿ ಧಣಿಯ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮೂರು ತಲೆಮಾರು ಜೀತ ಮಾಡಿದವರ ಮಕ್ಕಳು ಇಲ್ಲಿ ಬೆರಳು ಕೊಡೋದಿಲ್ಲ ಅಂದರು. ಇದು ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲ?

ಈ ಧೈರ್ಯ ಆಕಾಶದಿಂದ ಬೀಳಲಿಲ್ಲ. ಇಪ್ಪತ್ತನೇ ಶತಮಾನದ ಮೊದಲಲ್ಲೇ ಅಯೋತಿದಾಸ ಪಂಡಿತರ ಬೌದ್ಧ ಚಳುವಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರು ಬಿಟ್ಟಿತ್ತು. ಗಣಿಯಿಂದ ಮೇಲೆ ಬಂದವರು ಓದಿದರು, ಓದಿಸಿದರು. ಇವರು ತಮಿಳು ಮಾತಾಡ್ತಾರೆ, ಹೊರಗಿನವರು ಅಂತ ನಮ್ಮಲ್ಲೇ ಕೆಲವರು ದೂರ ಇಡ್ತಾರೆ. ಭಾಷೆ ಬೇರೆ ಇರಬಹುದು. ಊರಾಚೆಗೆ ನಿಲ್ಲಿಸಿದ ಕೈ ಒಂದೇ.

1946ರ ನವೆಂಬರ್ 4ರಂದು ಹೋರಾಟಕ್ಕಿಳಿದಿದ್ದ ಆರು ಮಂದಿ ಗಣಿ ಕಾರ್ಮಿಕರು ಪೊಲೀಸರ ಕೈಯಲ್ಲಿ ಸತ್ತರು. ಕಂಪನಿ ಬಿಳಿಯರದ್ದು, ಪೊಲೀಸರು ನಮ್ಮ ಸಂಸ್ಥಾನದವರು. ದೇಶ ದೇಶಗಳ ಮೇಲಿನವರು ಎಷ್ಟು ಬೇಗ ನೆಂಟರಾಗ್ತಾರೆ, ಕೆಳಗಿನವರು ಅಕ್ಕಪಕ್ಕದ ಊರಿನವರಾದರೂ ಎಷ್ಟು ದೂರ ಉಳೀತಾರೆ ಅನ್ನೋದಕ್ಕೆ ಬೇರೆ ಪಾಠ ಬೇಕಿಲ್ಲ.

ಈಗ ನಾವು ಮೊದಲು ಹೇಳಿದ ದರದ ವಿಷಯಕ್ಕೆ ಬರೋಣ. 1934ರಲ್ಲಿ ಅಮೆರಿಕ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಅಂತ ಗೊತ್ತು ಮಾಡಿತು. 1944ರಲ್ಲಿ ಬ್ರೆಟನ್ ವುಡ್ಸ್ ಅನ್ನೋ ಜಾಗದಲ್ಲಿ 44 ದೇಶದವರು ಸೇರಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಕಟ್ಟಲು ಒಪ್ಪಿದಾಗ ಆ ದರವೇ ಲೋಕದ ಅಧಿಕೃತ ದರವಾಯಿತು. ಭಾರತದ ಹೆಸರಿನಲ್ಲೂ ನಿಯೋಗ ಹೋಗಿತ್ತು. ಮುಂದಾಳು ಬ್ರಿಟಿಷ್ ಅಧಿಕಾರಿ ಜೆರೆಮಿ ರೈಸ್‌ಮನ್. ಚಿನ್ನ ಅಗೆಯೋನಿಗೆ ಅಲ್ಲಿ ಕುರ್ಚಿ ಇರಲಿಲ್ಲ ಅಂತ ಬೇರೆ ಹೇಳಬೇಕೇ?

1956ರ ಕೊನೆಗೆ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಧಣಿ ಬದಲಾದ, ಗಣಿ ನಮ್ಮದಾಯ್ತು ಅಂತ ಕಾರ್ಮಿಕರು ಸಂತೋಷಪಟ್ಟರು. ಆದರೆ ವರ್ಷಗಟ್ಟಲೆ ಸರ್ಕಾರ ಆ ಚಿನ್ನವನ್ನು ತೆಗೆದುಕೊಂಡದ್ದು ಅದೇ ಅಧಿಕೃತ ದರದಲ್ಲಿ. 1966ರಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಆ ದರ 10 ಗ್ರಾಮಿಗೆ ಸುಮಾರು 84 ರೂಪಾಯಿ. 1970ರ ಹೊತ್ತಿಗೆ ಪೇಟೆಯಲ್ಲಿ ಅದರ ಎರಡರಷ್ಟು ಬೆಲೆ. ಅರ್ಧ ಬೆಲೆಗೆ ಮಾಲು ಕಿತ್ತುಕೊಂಡು, ಆಮೇಲೆ ಲೆಕ್ಕದ ಪುಸ್ತಕ ತೆಗೆದು, ನೋಡಿ ಗಣಿ ನಷ್ಟದಲ್ಲಿದೆ, ಕೂಲಿ ಜಾಸ್ತಿ ಕೇಳಬೇಡಿ ಅಂದರು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ತನ್ನ ದೇಶಕ್ಕೆ ತೊಂದರೆ ಅಂತ ಕಂಡಾಗ ಡಾಲರಿಗೆ ಚಿನ್ನ ಕೊಡೋದನ್ನೇ ನಿಲ್ಲಿಸಿಬಿಟ್ಟ. ಬಲ ಇದ್ದವನು ತಾನು ಬರೆದ ನಿಯಮವನ್ನು ತಾನೇ ಹರಿದು ಹಾಕಬಹುದು. ಬಲ ಇಲ್ಲದವನು ಹರಿದ ಚೀಟಿಗೂ ಕೈ ಮುಗಿಯಬೇಕು.

2001ರಲ್ಲಿ ಗಣಿ ಮುಚ್ಚಿದರು. ಅದಿರು ತೆಳುವಾಗಿದ್ದು ನಿಜ, ಆಳಕ್ಕೆ ಹೋದಷ್ಟೂ ಖರ್ಚು ಏರಿದ್ದೂ ನಿಜ. ಆದರೆ ಅಗ್ಗಕ್ಕೆ ಕೊಟ್ಟ ಆ ವರ್ಷಗಳ ಚಿನ್ನದ ಬಾಕಿಯನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ? ಸಿಲಿಕೋಸಿಸ್‌ನಿಂದ ಸತ್ತವರ ಆಯಸ್ಸನ್ನು ಯಾವ ಕಾಲಮ್ಮಿಗೆ ಹಾಕಿದ್ದಾರೆ? ಇವತ್ತು ಅಲ್ಲಿ ಉಳಿದಿರೋದು ಸೈನೈಡ್ ದಿಬ್ಬಗಳು. ಗಾಳಿ ಬೀಸಿದರೆ ಆ ಧೂಳು ಮತ್ತೆ ಅದೇ ಲೈನ್ ಮನೆಗಳಿಗೆ. ಅವರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರ್ತಾರೆ.

ನಷ್ಟ, ಲಾಭ ಅನ್ನೋ ಮಾತು ಬರೀ ಲೆಕ್ಕವಲ್ಲ ಗೆಳೆಯರೇ. ಪೆನ್ನು ಯಾರ ಕೈಲಿದೆಯೋ ಅವರ ಮಾತು ಅದು. ಊರಿನ ಧಣಿಯ ಖಾತೆಪುಸ್ತಕ ನಿಮಗೆ ಗೊತ್ತು. ಅಪ್ಪ ಎಷ್ಟು ದುಡಿದರೂ ಸಾಲ ತೀರೋದಿಲ್ಲ. ದೇಶಗಳ ಮಟ್ಟದಲ್ಲಿ ನಡೆಯೋದೂ ಅದೇ, ಪುಸ್ತಕ ಮಾತ್ರ ದೊಡ್ಡದು.

ಬಾಬಾಸಾಹೇಬರು ಇದನ್ನು ಕಂಡಿದ್ದರು. ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆ ಕೂತು ಕಲಿತ ಆ ಹುಡುಗ ಲಂಡನ್ನಿಗೆ ಹೋಗಿ ಅಭ್ಯಾಸ ಮಾಡಿದ್ದು ರೂಪಾಯಿ ಮತ್ತು ಚಿನ್ನದ ವಿಷಯವನ್ನು. ಆ ಪುಸ್ತಕ ಅಚ್ಚಾದದ್ದು 1923ರಲ್ಲಿ. ಬೆಲೆ ಏರಿದಷ್ಟು ಬೇಗ ಕೂಲಿ ಏರೋದಿಲ್ಲ, ನಡುವಿನ ಲಾಭ ದುಡಿಯುವವನ ಹೊಟ್ಟೆಯಿಂದಲೇ ಬರುತ್ತೆ ಅಂತ ವಾದಿಸಿದರು. 1938ರಲ್ಲಿ ಮನ್ಮಾಡದಲ್ಲಿ ದಲಿತ ರೈಲ್ವೆ ಕಾರ್ಮಿಕರಿಗೆ ಹೇಳಿದರು: ನಿಮ್ಮ ಶತ್ರುಗಳು ಎರಡು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ. ಒಂದನ್ನು ಮಾತ್ರ ತೋರಿಸಿ ಇನ್ನೊಂದನ್ನು ಮುಚ್ಚಿಡೋ ನಾಯಕ ಯಾವ ಬಾವುಟ ಹಿಡಿದು ಬಂದರೂ ಅವನನ್ನು ನಾವು ಅನುಮಾನಿಸಬೇಕು. ನಮ್ಮವನೇ ಆದರೂ ಸರಿ. ಮೀಸಲು ಕ್ಷೇತ್ರದಿಂದ ಗೆದ್ದು ಹೋಗಿ ಧಣಿಯ ಪುಸ್ತಕಕ್ಕೆ ಸಹಿ ಹಾಕೋನು ಸಹಿ ಹಾಕಿದ ಅಷ್ಟೆ, ಹೆಬ್ಬೆಟ್ಟು ತಪ್ಪಲಿಲ್ಲ.

ಕೊನೆಗೆ ಒಂದು ಕೆಲಸ. ಚಪ್ಪಾಳೆ ಹೊಡೆದು ಮಲಗಿಬಿಡಬೇಡಿ. ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವ ಏನು ಬೆಳೀತಾರೆ, ಏನು ಮಾಡ್ತಾರೆ, ಅವರ ಕೈಗೆ ಎಷ್ಟು ಬರುತ್ತೆ, ಅದೇ ಮಾಲು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತೆ, ಆ ದರ ಕಟ್ಟಿದವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಮುಂದಿನ ಸಭೆಯಲ್ಲಿ ನಾವು ಭಾಷಣ ಮಾಡೋದಿಲ್ಲ. ನಿಮ್ಮ ಲೆಕ್ಕ ಓದೋಣ.

ಜೈ ಭೀಮ್.