ಮುಚ್ಚಿದ ರೂಮಲ್ಲಿ ಗಾಳಿಗೆ ಗಾಳಿಯೇ ಎಂಜಲು

ಎಸಿ ಬಸ್‌ನಲ್ಲೋ, ಪಿಜಿ ರೂಮಲ್ಲೋ, ಆಫೀಸ್ ಕ್ಯಾಬ್‌ನಲ್ಲೋ ಕೂತು ಇದನ್ನ ಕೇಳ್ತಾ ಇದ್ದರೆ ಇವತ್ತಿನ ವಿಷಯ ನಿಮ್ಮದೇ.

ಮೊದಲು ಒಂದು ಚಿಕ್ಕ ಕೆಲಸ. ಅಂಗೈಯನ್ನ ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡೀರಿ. ‘ಮನೆ’ ಅನ್ನಿ. ಏನೂ ಗೊತ್ತಾಗಲಿಲ್ಲ ಅಲ್ವಾ? ಈಗ ‘ಪಟಾಕಿ’ ಅನ್ನಿ. ಕೈಗೆ ಗಾಳಿ ಬಡೀತು! ಪಕ್ಕದವರು ನೋಡಿ ನಕ್ಕರೆ ಅವರಿಗೂ ಹೇಳ್ಕೊಡಿ.

ಆ ಬಡಿದ ಗಾಳಿಗೆ ವಿಜ್ಞಾನದಲ್ಲಿ ‘ಜೆಟ್’ ಅಂತಾರೆ. ವಿಮಾನದ ಜೆಟ್ ಅಲ್ಲ. ಚಿಕ್ಕ ರಂಧ್ರದಿಂದ ರಭಸವಾಗಿ ನುಗ್ಗೋ ಗಾಳಿ ಅಥವಾ ನೀರಿನ ಧಾರೆ ಯಾವುದಾದ್ರೂ ಜೆಟ್ಟೇ. ಧಾರೆ ನೀಟಾಗಿ ಹೋಗದೆ ಸುಳಿಸುಳಿಯಾಗಿ ಕದಡಿಕೊಂಡು ಹೋದರೆ ಅದು ಪ್ರಕ್ಷುಬ್ಧ ಜೆಟ್. ಕೆಮ್ಮು, ಹೇರ್ ಡ್ರೈಯರ್, ಎಸಿ ಗಾಳಿ ಎಲ್ಲಾ ಇದೇ ಜಾತಿ.

ಈ ಜೆಟ್‌ಗೆ ಒಂದು ವಿಚಿತ್ರ ಗುಣ ಇದೆ. ಅದಕ್ಕೆ ಯಾವಾಗಲೂ ಹಸಿವು. ಅಂಚಿನಲ್ಲಿರೋ ಸುಳಿಗಳು ಪಕ್ಕದ ಗಾಳಿಯನ್ನ ಮಡಚಿ ಮಡಚಿ ಒಳಗೆ ಎಳ್ಕೊಳ್ತವೆ. ಹಾಗಾಗಿ ಧಾರೆ ಮುಂದೆ ಹೋದಷ್ಟೂ ದಪ್ಪ ಆಗುತ್ತೆ, ನಿಧಾನ ಆಗುತ್ತೆ. ಒಂದು ಲೆಕ್ಕ ಹೇಳ್ತೀನಿ. 2 ಸೆಂಟಿಮೀಟರ್ ಅಗಲದ ಬಾಯಿಂದ ಒಂದೇ ಸಮನೆ ಹೊರಟ ಗಾಳಿ 60 ಸೆಂಟಿಮೀಟರ್ ದೂರ ತಲುಪೋ ಹೊತ್ತಿಗೆ ಅದರ ಪ್ರಮಾಣ ಸುಮಾರು 10 ಪಟ್ಟು ಆಗಿರುತ್ತೆ. ನಡುವಿನ ವೇಗ ಐದನೇ ಒಂದು ಭಾಗಕ್ಕೆ ಇಳಿದಿರುತ್ತೆ. ಅಂದ್ರೆ ಅಲ್ಲಿ ಹರೀತಿರೋ ಗಾಳೀಲಿ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲಿ ಸೇರಿಕೊಂಡಿದ್ದು!

ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಊದುಗೊಳವೆ ಗೊತ್ತಿತ್ತು. ಸೌದೆ ಒಲೆಗೆ ಕೊಳವೆಯಲ್ಲಿ ಊದಿದಾಗ ಅವರ ಉಸಿರಷ್ಟೇ ಬೆಂಕಿಗೆ ಹೋಗ್ತಿರಲಿಲ್ಲ. ಸುತ್ತಲಿನ ಗಾಳಿಯೂ ಜೊತೆಗೆ ಹೋಗ್ತಿತ್ತು.

ಇವತ್ತಿನ ಗ್ಯಾಸ್ ಸ್ಟವ್‌ನಲ್ಲೂ ಅದೇ ಕೆಲಸ. ನಾಬ್ ತಿರುಗಿಸಿದ ಕೂಡಲೇ ಸೂಜಿಮೊನೆಯಂಥ ರಂಧ್ರದಿಂದ ಗ್ಯಾಸ್ ನುಗ್ಗುತ್ತೆ. ಅದು ಬರ್ನರ್ ಪೈಪಿನ ಒಳಗೆ ಹೋಗುವಾಗ ಪಕ್ಕದ ಸಂದಿಯಿಂದ ಗಾಳಿ ಎಳ್ಕೊಳ್ಳುತ್ತೆ. ಪೈಪಿನಲ್ಲಿ ಎರಡೂ ಬೆರೆತು ಮೇಲೆ ನೀಲಿ ಜ್ವಾಲೆ ಬರುತ್ತೆ. ಫ್ಯಾನ್ ಇಲ್ಲ, ಪಂಪ್ ಇಲ್ಲ, ಬರೀ ಜೆಟ್ಟಿನ ಹಸಿವು. ಆ ಸಂದೀಲಿ ಧೂಳು, ಜಿಡ್ಡು ಕೂತರೆ? ಜ್ವಾಲೆ ಹಳದಿ ಆಗುತ್ತೆ, ಪಾತ್ರೆ ತಳ ಕಪ್ಪಾಗುತ್ತೆ. ಗ್ಯಾಸ್ ಮಾಮೂಲಿನಂತೆಯೇ ಬರ್ತಿದೆ, ಆದರೆ ಜೆಟ್‌ಗೆ ಊಟ ಸಿಗ್ತಿಲ್ಲ.

ಇಲ್ಲಿವರೆಗೆ ಅಡುಗೆಮನೆ ಆಯ್ತು. ಈಗ ಇದನ್ನೇ ಒಂದು ರೂಮಿನ ಗಾತ್ರಕ್ಕೆ ದೊಡ್ಡದು ಮಾಡೋಣ.

ಬಯಲಲ್ಲಿ ಜೆಟ್ ಹೊಸ ಹೊಸ ಗಾಳಿ ತಿಂತಾ ಹೋಗುತ್ತೆ. ಕಿಟಕಿ ಬಾಗಿಲು ಮುಚ್ಚಿದ ರೂಮಲ್ಲಿ ಹೊಸ ಗಾಳಿ ಎಲ್ಲಿಂದ ಬರಬೇಕು? ಎಸಿಯಿಂದ ಹೊರಟ ಧಾರೆ ಛಾವಣಿಗೆ ಅಂಟಿಕೊಂಡ ಹಾಗೆ ಓಡಿ, ಎದುರು ಗೋಡೆಗೆ ಬಡಿದು, ಕೆಳಗಿಳಿದು, ನಮ್ಮ ಮುಖದ ಮುಂದೆ ಹಾದು ವಾಪಸ್ ಬರುತ್ತೆ. ಹಸಿದ ಜೆಟ್ ಅದನ್ನೇ ಮತ್ತೆ ಎಳ್ಕೊಳ್ಳುತ್ತೆ. ಎಲ್ಲರೂ ಉಸಿರಾಡಿ ಬಿಟ್ಟಿದ್ದನ್ನೇ ಸುತ್ತಿ ಸುತ್ತಿ ಬಡಿಸುತ್ತೆ. ಒಂದು ಲೋಟಕ್ಕೆ ಇಬ್ಬರು ಬಾಯಿಟ್ಟರೆ ಎಂಜಲು ಅಂತೀವಿ. ಇಲ್ಲಿ ಇಡೀ ರೂಮಿನ ಗಾಳಿಯೇ ಎಂಜಲು!

ತುಂಬಾ ಜನ ತಪ್ಪು ತಿಳ್ಕೊಂಡಿರೋದು ಇದನ್ನೇ. ಮನೆಗಳಲ್ಲಿರೋ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ. ಹೊರಗಿರೋ ಡಬ್ಬ ಶಾಖವನ್ನ ಮಾತ್ರ ಆಚೆ ಹಾಕುತ್ತೆ. ತಂಪಾಗಿದೆ ಅಂದ ಮಾತ್ರಕ್ಕೆ ತಾಜಾ ಅಂತಲ್ಲ.

ಇದು ಬರೀ ಮಾತಲ್ಲ ಅನ್ನೋದಕ್ಕೆ ಚೀನಾದ ಗುವಾಂಗ್‌ಜೌ ನಗರದ ಒಂದು ಘಟನೆ ಇದೆ. 2020ರ ಜನವರಿ 24, ಚೀನೀ ಹೊಸವರ್ಷದ ಹಿಂದಿನ ದಿನ. ಒಂದು ರೆಸ್ಟೋರೆಂಟಿನ ಮೂರನೇ ಮಹಡಿಯಲ್ಲಿ 83 ಜನ ಊಟಕ್ಕೆ ಕೂತಿದ್ದರು. ವುಹಾನ್‌ನಿಂದ ಹಿಂದಿನ ದಿನ ಬಂದಿದ್ದ ಒಂದು ಕುಟುಂಬ ನಡುವಿನ ಟೇಬಲ್‌ನಲ್ಲಿತ್ತು. ಆ ಕಡೆ, ಈ ಕಡೆ ಇನ್ನೆರಡು ಕುಟುಂಬ. ಟೇಬಲ್‌ಗಳ ನಡುವೆ ಸುಮಾರು ಒಂದು ಮೀಟರ್ ಜಾಗ ಇತ್ತು. ಆದರೂ ಮುಂದಿನ ದಿನಗಳಲ್ಲಿ ಈ ಮೂರು ಕುಟುಂಬಗಳ 10 ಜನರಿಗೆ ಕೋವಿಡ್ ಬಂತು. ಉಳಿದ 73 ಗ್ರಾಹಕರಿಗೆ ಬರಲಿಲ್ಲ, ಬಡಿಸಿದವರಿಗೂ ಬರಲಿಲ್ಲ.

ಯಾಕೆ ಈ ಮೂರೇ ಟೇಬಲ್? ಸಂಶೋಧಕರು ಆಮೇಲೆ ಅದೇ ಜಾಗದಲ್ಲಿ ಗಾಳಿಯ ಓಡಾಟ ಅಳೆದು ನೋಡಿದರು. ಮೂರೂ ಟೇಬಲ್‌ಗಳು ಒಂದೇ ಎಸಿಯ ಸುತ್ತಾಟದೊಳಗೆ ಇದ್ದವು. ಧಾರೆ ಮೇಲಿಂದ ಹೋಗಿ, ಗೋಡೆಗೆ ಬಡಿದು, ಕೆಳಗಿಂದ ವಾಪಸ್ ಬರ್ತಿತ್ತು. ಕಣ್ಣಿಗೆ ಕಾಣದ ಒಂದು ಗುಳ್ಳೆ ಅಂದ್ಕೊಳ್ಳಿ. ಊಟದ ಹೊತ್ತಲ್ಲಿ ಎಕ್ಸಾಸ್ಟ್ ಫ್ಯಾನ್‌ಗಳು ಆಫ್ ಆಗಿದ್ದವು. ಒಬ್ಬೊಬ್ಬರಿಗೆ ಸಿಗ್ತಿದ್ದ ಹೊರಗಿನ ಗಾಳಿ ಸೆಕೆಂಡಿಗೆ ಸುಮಾರು 1 ಲೀಟರ್ ಮಾತ್ರ. ಇಂಥ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 10 ಲೀಟರ್.

ನಮ್ಮ ಬೆಂಗಳೂರಲ್ಲೂ ಈ ವಿಷಯದ ಮೇಲೆ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೇರೆ ಸಂಸ್ಥೆಗಳವರ ಜೊತೆ ಸೇರಿ, ಇಬ್ಬರು ಎದುರುಬದುರು ನಿಂತು ಮಾತಾಡುವಾಗ ಬಾಯಿಂದ ಹೊರಡೋ ಜೆಟ್‌ಗಳನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಒಬ್ಬರೇ ಮಾತಾಡ್ತಾ ಇದ್ದು ಇನ್ನೊಬ್ಬರು ಸುಮ್ಮನೆ ಕೇಳ್ತಾ ನಿಂತರೆ ಕೇಳುವವರಿಗೆ ಅಪಾಯ ಜಾಸ್ತಿ. ಇಬ್ಬರೂ ಮಾತಾಡಿದರೆ ಎರಡು ಜೆಟ್ ಪರಸ್ಪರ ತಡೀತವೆ. ಮುಖವನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೂ ಅಪಾಯ ಇಳಿಯುತ್ತೆ. ಆದರೆ ನೆನಪಿಡಿ, ಅದು ಸಣ್ಣ ಮಾತುಕತೆಯ ಲೆಕ್ಕ. ಗಂಟೆಗಟ್ಟಲೆ ಮುಚ್ಚಿದ ರೂಮಲ್ಲಿ ಕೂತರೆ ಎಂಜಲು ಗಾಳಿ ಯಾವ ದಿಕ್ಕಿಂದಾದ್ರೂ ಬರುತ್ತೆ.

ಹಾಗಾದ್ರೆ ಎಸಿ ಆಫ್ ಮಾಡ್ಬೇಕಾ? ಬೇಡ ಮಾರಾಯ್ರೆ, ಏಪ್ರಿಲ್ ಬಿಸಿಲಲ್ಲಿ ನಾನೂ ಮಾಡಲ್ಲ. ಗ್ಯಾಸ್ ಸ್ಟವ್ ನೆನಪಿಸ್ಕೊಳ್ಳಿ. ಅಲ್ಲಿ ಪೈಪ್ ಕೆಟ್ಟದ್ದಲ್ಲ, ಸಂದಿ ಮುಚ್ಚೋದು ಕೆಟ್ಟದ್ದು. ರೂಮಿಗೂ ಒಂದು ಸಂದಿ ಬೇಕು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಬಾಗಿಲು ಸ್ವಲ್ಪ ತೆಗೆದಿಡಿ. ಒಳಗೆ ಬರೋಕೂ ದಾರಿ, ಆಚೆ ಹೋಗೋಕೂ ದಾರಿ. ನಾಲ್ಕು ಜನ ಮಲಗೋ ಪಿಜಿ ರೂಮಲ್ಲಂತೂ ರಾತ್ರಿಯಿಡೀ ಇದು ಬೇಕು. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಓಡಿದರೂ ಹಳೇ ಗಾಳಿ ಆಚೆ ಹೋಗಿ ಸಂದಿಗಳಿಂದ ಹೊಸದು ಬರುತ್ತೆ. ಕ್ಯಾಬ್‌ನಲ್ಲಿ ಕಾರಿನೊಳಗೆ ಬಾಣ ಸುತ್ತೋ ಚಿತ್ರದ ಬಟನ್ ಇರುತ್ತೆ. ಅದು ಆನ್ ಇದ್ದರೆ ಒಳಗಿನ ಗಾಳಿಯೇ ಸುತ್ತುತ್ತಿದೆ ಅಂತ ಅರ್ಥ. ಟ್ರಾಫಿಕ್ ಹೊಗೆ ಕಮ್ಮಿಯಾದ ಕೂಡಲೇ ‘ಅಣ್ಣಾ, ಅದನ್ನ ಆಫ್ ಮಾಡಿ’ ಅಂತ ಕೇಳಿ.

ಇವತ್ತು ಮನೆಗೆ ಹೋದ ಮೇಲೆ ಒಂದು ದೀಪ ಹಚ್ಚಿ. ಒಂದು ಗೇಣು ದೂರದಿಂದ ಊದಿ ಆರಿಸಿ. ಮತ್ತೆ ಹಚ್ಚಿ, ಅದೇ ದೂರದಿಂದ ಉಸಿರು ಒಳಗೆಳೆದು ಆರಿಸೋಕೆ ನೋಡಿ. ಆಗಲ್ಲ! ಬಿಡುವ ಉಸಿರು ಜೆಟ್ ಆಗಿ ದೂರ ಹೋಗುತ್ತೆ, ಎಳೆಯುವ ಉಸಿರು ಹತ್ತಿರದ ಗಾಳಿಯನ್ನಷ್ಟೇ ಎಲ್ಲಾ ಕಡೆಯಿಂದ ತಗೊಳ್ಳುತ್ತೆ. ನಾವು ಬಿಟ್ಟಿದ್ದು ದೂರದವರನ್ನ ಮುಟ್ಟುತ್ತೆ, ನಾವು ತಗೊಳ್ಳೋದು ಮಾತ್ರ ಮೂಗಿನ ಮುಂದೆ ಇರೋದನ್ನೇ. ಆ ಮೂಗಿನ ಮುಂದಿನ ಗಾಳಿ ಹೊಸದಾ, ಹಳೇದಾ ಅನ್ನೋದನ್ನ ನಿಮ್ಮ ಕಿಟಕಿ ತೀರ್ಮಾನ ಮಾಡುತ್ತೆ.

ಕಿಟಕಿ ತೆಗೆದ್ರಾ? ಸರಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.