ಬೆಂಕಿ ಆರಿದ ಮೇಲೆ ಗುಡ್ಡಕ್ಕೆ ಏನಾಗುತ್ತೆ?

ಕಾಡ್ಗಿಚ್ಚು ಆರಿತು ಅಂತ ಸುದ್ದಿ ಬಂದ ಕೂಡಲೇ ನಾವೆಲ್ಲ ಆ ವಿಷಯ ಮರೆತುಬಿಡ್ತೀವಿ. ಆದರೆ ಗುಡ್ಡದ ಮಣ್ಣಿಗೆ ಕಷ್ಟ ಶುರುವಾಗೋದೇ ಆವಾಗ. ಇವತ್ತು ನಾನು ಅದನ್ನೇ ಹೇಳೋಕೆ ಬಂದಿದ್ದೀನಿ.

ಅಮೆರಿಕದ ಕೊಲೊರಾಡೊ ರಾಜ್ಯ. 1996ರ ಮೇ ತಿಂಗಳಲ್ಲಿ ಬಫಲೋ ಕ್ರೀಕ್ ಅನ್ನೋ ಜಾಗದಲ್ಲಿ ಸುಮಾರು 12,000 ಎಕರೆ ಕಾಡು ಸುಟ್ಟಿತು. ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈ 12ರಂದು ಗುಡುಗುಮಳೆ ಸುರಿಯಿತು. ಪ್ರವಾಹದಲ್ಲಿ ಇಬ್ಬರು ಸತ್ತರು. ಬೂದಿ, ಮರಳು, ಸುಟ್ಟ ದಿಮ್ಮಿಗಳೆಲ್ಲ ಕೊಚ್ಚಿಕೊಂಡು ಹೋಗಿ ಡೆನ್ವರ್ ನಗರಕ್ಕೆ ಕುಡಿಯುವ ನೀರು ಕೊಡುವ ಸ್ಟ್ರಾಂಶಿಯಾ ಸ್ಪ್ರಿಂಗ್ಸ್ ಜಲಾಶಯ ಸೇರಿದವು.

ಯಾಕೆ ಹೀಗಾಯ್ತು? ಕಾಡಿನ ನೆಲದ ಮೇಲೆ ತರಗೆಲೆಯ ಹೊದಿಕೆ ಇರುತ್ತೆ. ಮಳೆಹನಿಯ ಪೆಟ್ಟನ್ನು ಅದು ತಡೆಯುತ್ತೆ, ನೀರನ್ನು ಹೀರಿಕೊಳ್ಳುತ್ತೆ. ತೀವ್ರ ಬೆಂಕಿಯಲ್ಲಿ ಅದು ಪೂರ್ತಿ ಬೂದಿಯಾಗುತ್ತೆ. ಎಲೆಗಳಲ್ಲಿರುವ ಮೇಣದಂಥ ಪದಾರ್ಥ ಆವಿಯಾಗಿ, ಕೆಲವು ಸೆಂಟಿಮೀಟರ್ ಕೆಳಗಿನ ತಂಪು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತೆ. ಆ ಪದರ ನೀರನ್ನು ಒಳಗೆ ಬಿಡೋದಿಲ್ಲ. ಮೇಲಿನ ಸಡಿಲ ಮಣ್ಣು ನೀರಿನ ಜೊತೆ ಜಾರುತ್ತೆ. ಮೊದಲು ಸಣ್ಣ ಗೀರು, ಆಮೇಲೆ ಕೊರಕಲು.

2002ರ ಜೂನ್‌ನಲ್ಲಿ ಅದೇ ಸೀಮೆಯಲ್ಲಿ ಹೇಮನ್ ಬೆಂಕಿ ಸುಮಾರು 1,38,000 ಎಕರೆ ಸುಟ್ಟಿತು. ಅಲ್ಲಿ ಸಂಶೋಧಕರು ಹಲವು ಉಪಾಯಗಳನ್ನು ಅಳೆದು ನೋಡಿದರು. ಹುಲ್ಲಿನ ಬೀಜ ಎರಚಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಬೀಜ ಮೊಳೆಯೋ ಮೊದಲೇ ಮಳೆ ಬಂದ್ರೆ ಮಣ್ಣನ್ನು ಹಿಡಿಯೋರು ಯಾರು? ಇಳಿಜಾರಿಗೆ ಅಡ್ಡ ಇಟ್ಟ ದಿಮ್ಮಿಗಳು ಸಣ್ಣ ಮಳೆಗೆ ಸರಿ, ಜೋರು ಮಳೆಗೆ ಸಾಲಲ್ಲ. ಚೆನ್ನಾಗಿ ಕೆಲಸ ಮಾಡಿದ್ದು ಒಣಹುಲ್ಲಿನ ಹೊದಿಕೆ. ಹಾಕಿದ ದಿನದಿಂದಲೇ ಅದು ನೆಲವನ್ನು ಕಾಯುತ್ತೆ.

ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಹುಲ್ಲು, ಪೊದೆ ಬೆಳೆದು ಸವಕಳಿ ಬಹಳಷ್ಟು ಇಳಿಯುತ್ತೆ. ಕಾಡು ಮಾತ್ರ ಅಷ್ಟು ಬೇಗ ಬರೋದಿಲ್ಲ. ಪಾಂಡೆರೋಸಾ ಪೈನ್ ಬೀಜ ತಾಯಿಮರದಿಂದ ಹೆಚ್ಚು ದೂರ ಹಾರಲ್ಲ. ಒಂದೂ ಮರ ಉಳಿಯದ ದೊಡ್ಡ ಬಯಲಿನ ನಡುವೆ ಸಸಿಗಳು ತೀರಾ ವಿರಳ.

ನಮ್ಮ ಸಹ್ಯಾದ್ರಿಯಲ್ಲಿ ಬೇಸಿಗೆ ಬೆಂಕಿ ಹೆಚ್ಚಾಗಿ ಹುಲ್ಲು, ತರಗೆಲೆ ಸುಡುವಂಥದ್ದು. ಹಾಗಾಗಿ ಕೊಲೊರಾಡೊ ಲೆಕ್ಕವನ್ನು ಇಲ್ಲಿಗೆ ನೇರವಾಗಿ ಹಚ್ಚೋಕೆ ಆಗಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ. ಎಷ್ಟು ಎಕರೆ ಸುಟ್ಟಿತು ಅಂತಷ್ಟೇ ಕೇಳಬೇಡಿ. ಮಳೆಗಾಲಕ್ಕೆ ಮುಂಚೆ ನೆಲದ ಮೇಲೆ ಎಷ್ಟು ಹೊದಿಕೆ ಉಳಿದಿದೆ, ಕೆಳಗಡೆ ಯಾರ ಮನೆ ಇದೆ ಅಂತ ಕೇಳಿ.